ಉಡಾವಣೆಯ ದಿನಾಂಕ ಮತ್ತು ಸಮಯವನ್ನು ನಾನು ಬರೆದಿಡುವ ಕ್ರಮ

ಆಕಾಶವೀಕ್ಷಣೆಯ ಹವ್ಯಾಸವಿರುವ ಒಂದು ಸಣ್ಣ ಬಳಗಕ್ಕಾಗಿ ರಾಕೆಟ್ ಉಡಾವಣೆಗಳ ಪಟ್ಟಿಯೊಂದನ್ನು ನಾನು ಹಲವು ವರ್ಷಗಳಿಂದ ಕನ್ನಡದಲ್ಲಿ ಇಟ್ಟುಕೊಂಡು ಬಂದಿದ್ದೇನೆ. ರಾಕೆಟ್ಟಿನ ಹೆಸರು, ಉಪಗ್ರಹದ ತೂಕ, ಸೇರಿದ ಕಕ್ಷೆ ಇವೆಲ್ಲ ಒಮ್ಮೆ ತುಂಬಿದರೆ ಮುಗಿಯುವ ಕೆಲಸ. ಸುಲಭವೆಂದು ತೋರುವ ದಿನಾಂಕ ಮತ್ತು ಸಮಯದ ಕಾಲಂಗಳೇ ನನ್ನಿಂದ ಅತಿ ಹೆಚ್ಚು ಯೋಚನೆ ಮಾಡಿಸಿದವು. ಒಂದೇ ಉಡಾವಣೆಗೆ ಎರಡು ತಾರೀಖುಗಳಿರಬಹುದು, ಒಂದೇ ದಿನ ನಾಲ್ಕು ಸಮಯಗಳು ಘೋಷಣೆಯಾಗಬಹುದು, ಮತ್ತು ಅವೆಲ್ಲವೂ ತಮ್ಮ ತಮ್ಮ ನೆಲೆಯಲ್ಲಿ ಸರಿಯಾಗಿಯೇ ಇರಬಹುದು.

ಚಂದ್ರಯಾನ-2ರ ಮೊದಲ ಪ್ರಯತ್ನ ಇದಕ್ಕೆ ಒಳ್ಳೆಯ ಉದಾಹರಣೆ. ಅದು 2019ರ ಜುಲೈ 15ರಂದು ಭಾರತೀಯ ಕಾಲಮಾನ 2:51ಕ್ಕೆ ನಿಗದಿಯಾಗಿತ್ತು. ಉಡಾವಣೆಗೆ 56 ನಿಮಿಷ 24 ಸೆಕೆಂಡು ಬಾಕಿ ಇರುವಾಗ ಕ್ಷಣಗಣನೆಯನ್ನು ನಿಲ್ಲಿಸಲಾಯಿತು. ಆ ಹೊತ್ತನ್ನು ಒಬ್ಬರು ಭಾನುವಾರ ತಡರಾತ್ರಿ ಎನ್ನುತ್ತಾರೆ, ಇನ್ನೊಬ್ಬರು ಸೋಮವಾರ ಬೆಳಗಿನ ಜಾವ ಎನ್ನುತ್ತಾರೆ. ಪಂಚಾಂಗದ ಲೆಕ್ಕದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ಆದ್ದರಿಂದ ಅದು ಇನ್ನೂ ಭಾನುವಾರವೇ. ಗಡಿಯಾರದ ಲೆಕ್ಕದಲ್ಲಿ ಸೋಮವಾರ ಹುಟ್ಟಿ ಮೂರು ಗಂಟೆಯಾಗುತ್ತಾ ಬಂದಿದೆ. ಇವೆರಡರ ಜೊತೆಗೆ ಮೂರನೆಯದೊಂದಿದೆ: ಅಂತರರಾಷ್ಟ್ರೀಯ ಉಡಾವಣಾ ದಾಖಲೆಗಳು ಸಾಮಾನ್ಯವಾಗಿ ಅನುಸರಿಸುವ ಯುಟಿಸಿ, ಅಂದರೆ ಸಮನ್ವಿತ ಸಾರ್ವತ್ರಿಕ ಕಾಲಮಾನದಲ್ಲಿ, ಆ ಸಮಯ ಜುಲೈ 14ರ 21:21. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವುದರಿಂದ, ಇಲ್ಲಿ ಬೆಳಗಿನ 5:30ರ ಒಳಗೆ ನಡೆಯುವ ಪ್ರತಿಯೊಂದು ಉಡಾವಣೆಯೂ ಯುಟಿಸಿ ದಾಖಲೆಯಲ್ಲಿ ಹಿಂದಿನ ದಿನಕ್ಕೆ ಸೇರುತ್ತದೆ.

ಹಿಂದಿನ ದಿನಕ್ಕೆ ಸೇರುವ ಇಂಥ ಸಾಲುಗಳು ನನ್ನ ಪಟ್ಟಿಯಲ್ಲಿ ಸಾಕಷ್ಟಿವೆ. ಒನ್‌ವೆಬ್ ಕಂಪನಿಯ 36 ಉಪಗ್ರಹಗಳನ್ನು ಹೊತ್ತ ಎಲ್‌ವಿಎಂ3-ಎಂ2 ರಾಕೆಟ್ ಶ್ರೀಹರಿಕೋಟಾದಿಂದ ಏರಿದ್ದು 2022ರ ಅಕ್ಟೋಬರ್ 23ರ ರಾತ್ರಿ 12 ಗಂಟೆ 7 ನಿಮಿಷಕ್ಕೆ; ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಅದು ಅಕ್ಟೋಬರ್ 22, 18:37. ಫ್ರೆಂಚ್ ಗಯಾನಾದ ಕೌರೂವಿನಿಂದ ಹೋದ ನಮ್ಮ ಉಪಗ್ರಹ ಜಿಸ್ಯಾಟ್-11 ನಮಗೆ 2018ರ ಡಿಸೆಂಬರ್ 5ರ ನಸುಕಿನ 2:07ರ ಸುದ್ದಿಯಾದರೆ, ಅಲ್ಲಿನವರಿಗೆ ಡಿಸೆಂಬರ್ 4ರ ಸಂಜೆಯ ನೋಟ. ಜಿಸ್ಯಾಟ್-ಎನ್2 ಅಮೆರಿಕದ ಕೇಪ್ ಕ್ಯಾನವರಲ್‌ನಿಂದ ಫಾಲ್ಕನ್-9 ರಾಕೆಟ್ಟಿನಲ್ಲಿ ಹೊರಟಾಗ ಅಲ್ಲಿ 2024ರ ನವೆಂಬರ್ 18ರ ಮಧ್ಯಾಹ್ನ 1:31, ಯುಟಿಸಿಯಲ್ಲಿ 18:31, ಉಪಗ್ರಹದ ಹೊಣೆಯನ್ನು ವಹಿಸಿಕೊಳ್ಳಲು ಕಾದಿದ್ದ ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ ನವೆಂಬರ್ 19ರ ಮಧ್ಯರಾತ್ರಿ ದಾಟಿ ಒಂದು ನಿಮಿಷ. ಈ ಮೂರರಲ್ಲಿ ಯಾವುದನ್ನೂ ತಪ್ಪೆನ್ನಲಾಗದು. ಆದರೆ ಒಂದು ಪಟ್ಟಿಯಲ್ಲಿ ಕೆಲವು ಸಾಲುಗಳು ಭಾರತದ ತಾರೀಖನ್ನೂ ಕೆಲವು ಯುಟಿಸಿ ತಾರೀಖನ್ನೂ ಹೊತ್ತಿದ್ದರೆ, ಎರಡು ಉಡಾವಣೆಗಳ ನಡುವಿನ ಅಂತರವನ್ನು ಲೆಕ್ಕ ಹಾಕಲು ಹೊರಟವನಿಗೆ ಆ ಪಟ್ಟಿಯಿಂದ ಉಪಯೋಗವಿಲ್ಲ.

ಹಾಗಾಗಿ ನಾನು ಇಟ್ಟುಕೊಂಡ ಕ್ರಮ ಇದು. ಮೂಲ ದಾಖಲೆ ಒಂದೇ, ಅದು ಯುಟಿಸಿಯಲ್ಲಿ. ಭಾರತೀಯ ಕಾಲಮಾನದ ಕಾಲಂ ಅದರ ಪಕ್ಕದಲ್ಲಿದೆ, ಆದರೆ ಅದನ್ನು ಕೈಯಿಂದ ತುಂಬುವುದಿಲ್ಲ. ಐದೂವರೆ ಗಂಟೆ ಕೂಡಿಸಿ ತಾರೀಖನ್ನೂ ಸೇರಿಸಿ ಬರೆಯುವ ಕೆಲಸವನ್ನು ಸೂತ್ರವೇ ಮಾಡುತ್ತದೆ. ಉಡಾವಣಾ ಸ್ಥಳದ ಸ್ಥಳೀಯ ಸಮಯವನ್ನು ನಾನು ಟಿಪ್ಪಣಿಯಲ್ಲಿ ಮಾತ್ರ ಹಾಕುತ್ತೇನೆ, ಏಕೆಂದರೆ ಕೇಪ್ ಕ್ಯಾನವರಲ್ ಇರುವ ಫ್ಲಾರಿಡಾದಂಥ ಕಡೆ ಅದು ಬೇಸಿಗೆಗೊಂದು ಚಳಿಗಾಲಕ್ಕೊಂದು. ಜಿಸ್ಯಾಟ್-ಎನ್2 ಹೋದ ನವೆಂಬರಿನಲ್ಲಿ ಅಲ್ಲಿನ ಗಡಿಯಾರ ಯುಟಿಸಿಗಿಂತ ಐದು ಗಂಟೆ ಹಿಂದಿತ್ತು. ಶುಭಾಂಶು ಶುಕ್ಲಾ ಅವರಿದ್ದ ಆಕ್ಸಿಯಂ-4 ಹೊರಟ 2025ರ ಜೂನ್ 25ರಂದು ನಾಲ್ಕು ಗಂಟೆ ಮಾತ್ರ. ಆ ದಿನದ ಉಡಾವಣೆ ಅಲ್ಲಿ ನಸುಕಿನ 2:31, ಯುಟಿಸಿ 06:31, ನಮಗೆ ಮಧ್ಯಾಹ್ನ 12:01. ಭಾರತದ ಓದುಗರಿಗೆ ಬೇಸಿಗೆ ಸಮಯದ ಅಭ್ಯಾಸವಿಲ್ಲದ ಕಾರಣ, ಅಮೆರಿಕದ ಸಮಯದಿಂದ ನೇರವಾಗಿ ಇಲ್ಲಿಯ ಸಮಯಕ್ಕೆ ಬರುವ ದಾರಿಯನ್ನೇ ನಾನು ಬಿಟ್ಟುಬಿಟ್ಟಿದ್ದೇನೆ.

ತಾರೀಖನ್ನು ಬರೆಯುವ ರೂಪದಲ್ಲಿಯೂ ಒಂದು ಆಯ್ಕೆ ಮಾಡಬೇಕಾಯಿತು. ಮಂಗಳಯಾನದ ಉಡಾವಣೆಯನ್ನು 05/11/2013 ಎಂದು ಬರೆದರೆ ನಮಗೆ ನವೆಂಬರ್ 5, ಅಮೆರಿಕದವರಿಗೆ ಮೇ 11. ಗಣಕದ ಕೋಷ್ಟಕಗಳು ತಮಗೆ ಕೊಟ್ಟ ದೇಶದ ಸೆಟ್ಟಿಂಗ್ ನೋಡಿಕೊಂಡು ಯಾರ ಪರ ಬೇಕಾದರೂ ತೀರ್ಪು ಕೊಡುತ್ತವೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2013-11-05 ಎಂದು ಬರೆದರೆ ಈ ಜಗಳವಿಲ್ಲ, ಮೇಲಾಗಿ ಸಾಲುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿದರೂ ಅವು ಕಾಲಕ್ರಮದಲ್ಲಿಯೇ ನಿಲ್ಲುತ್ತವೆ. ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ ಹೇಳುವುದೂ ಇದೇ ಕ್ರಮವನ್ನು. ಅದರಲ್ಲಿ ತಾರೀಖು ಮತ್ತು ಸಮಯದ ನಡುವೆ ಟಿ ಅಕ್ಷರ, ಯುಟಿಸಿ ಎಂದು ತೋರಿಸಲು ಕೊನೆಯಲ್ಲಿ ಝಡ್ ಅಕ್ಷರ ಬರುತ್ತವೆ. ನಮ್ಮ ಸಮಯವಾದರೆ ಝಡ್ ಬದಲು +05:30. ಐಎಸ್‌ಟಿ ಎಂಬ ಮೂರಕ್ಷರಕ್ಕಿಂತ ಈ ಅಂಕಿಯನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಅದೇ ಮೂರಕ್ಷರಗಳನ್ನು ಇಸ್ರೇಲಿನವರೂ ಐರ್ಲೆಂಡಿನವರೂ ತಮ್ಮ ಸಮಯಕ್ಕೆ ಬಳಸುತ್ತಾರೆ.

ಗಂಟೆ ಮತ್ತು ನಿಮಿಷದ ನಡುವೆ ಚುಕ್ಕೆ ಇಡುವ ನಮ್ಮ ಪತ್ರಿಕೆಗಳ ರೂಢಿಯನ್ನು ನಾನು ಪಟ್ಟಿಯೊಳಗೆ ಬಿಟ್ಟುಕೊಂಡಿಲ್ಲ. ಮಧ್ಯಾಹ್ನ 2.35 ಎಂದು ಓದುವಾಗ ಯಾರಿಗೂ ಗೊಂದಲವಾಗುವುದಿಲ್ಲ, ನಿಜ. ಆದರೆ ಚಂದ್ರಯಾನ-3ರ ಕ್ಷಣಗಣನೆಯನ್ನು 25.30 ಗಂಟೆ ಎಂದು ಅಚ್ಚು ಮಾಡಿದಾಗ ಅದು ಇಪ್ಪತ್ತೈದೂವರೆ ಗಂಟೆ ಎಂಬುದನ್ನು ಓದುಗ ಊಹಿಸಬೇಕು. ಲೆಕ್ಕಕ್ಕೆ ಹಾಕಿದ ಯಂತ್ರ ಅದನ್ನು 25 ಗಂಟೆ 18 ನಿಮಿಷ ಎಂದುಕೊಳ್ಳುತ್ತದೆ. ಉಪಗ್ರಹಗಳ ಕಕ್ಷೆಯನ್ನು ವಿವರಿಸುವ ಎರಡು ಸಾಲಿನ ಅಂಕಿಗುಚ್ಛಗಳಲ್ಲಿ ಚುಕ್ಕೆಯ ನಂತರದ ಅಂಕಿಗಳು ನಿಜವಾಗಿಯೂ ದಶಮಾಂಶವೇ. ಅಲ್ಲಿ ತಿಂಗಳೆಂಬುದೇ ಇಲ್ಲ: ವರ್ಷದ ಕೊನೆಯ ಎರಡು ಅಂಕಿ, ವರ್ಷದ ಎಷ್ಟನೆಯ ದಿನ ಎಂಬ ಮೂರು ಅಂಕಿ, ಆಮೇಲೆ ದಿನದ ಭಾಗ. ಚಂದ್ರಯಾನ-3 ಏರಿದ ಕ್ಷಣವನ್ನು ಆ ರೀತಿಯಲ್ಲಿ ಬರೆದರೆ 23195.37867 ಎಂದಾಗುತ್ತದೆ, ಅಂದರೆ 2023ರ 195ನೆಯ ದಿನ, ಯುಟಿಸಿ 09:05:17. ವಿಮಾನಗಳಿಗೆ ಎಚ್ಚರಿಕೆ ಕೊಡುವ ನೋಟಾಮ್‌ಗಳದು ಬೇರೆಯೇ ಪದ್ಧತಿ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷಕ್ಕೆ ಎರಡೆರಡು ಅಂಕಿಯಂತೆ ಹತ್ತು ಅಂಕಿಗಳ ಒಂದೇ ಸರ, ಅದೂ ಯುಟಿಸಿಯಲ್ಲಿಯೇ. ಉಡಾವಣೆಯ ತಾರೀಖು ಅಧಿಕೃತವಾಗಿ ಪ್ರಕಟವಾಗುವ ಮೊದಲೇ ಅದರ ಸುಳಿವು ಹೆಚ್ಚಾಗಿ ಸಿಗುವುದು ಈ ಎಚ್ಚರಿಕೆಗಳಲ್ಲಿ, ಆದ್ದರಿಂದ ಅವನ್ನು ಓದುವುದನ್ನು ರೂಢಿಸಿಕೊಂಡದ್ದು ನನಗೆ ತುಂಬ ಉಪಯೋಗಕ್ಕೆ ಬಂದಿದೆ.

ಇಷ್ಟೆಲ್ಲ ಆದ ಮೇಲೂ ಉಳಿಯುವ ದೊಡ್ಡ ಪ್ರಶ್ನೆ, ಬರೆದ ಸಮಯ ಯಾವುದರದು ಎಂಬುದು. ನಿಗದಿಯಾದ ಸಮಯವೇ, ನಡೆದ ಸಮಯವೇ? ಗಗನಯಾನ ಯೋಜನೆಯ ಮೊದಲ ಪರೀಕ್ಷಾ ವಾಹನ ಟಿವಿ-ಡಿ1 ಏರಬೇಕಿದ್ದದ್ದು 2023ರ ಅಕ್ಟೋಬರ್ 21ರ ಬೆಳಿಗ್ಗೆ 8:00ಕ್ಕೆ. ಅದು 8:30 ಆಯಿತು, ಆಮೇಲೆ 8:45 ಆಯಿತು, ಐದು ಸೆಕೆಂಡು ಉಳಿದಿರುವಾಗ ಗಣಕವೇ ತಡೆಯಿತು, ಕೊನೆಗೆ 10:00ಕ್ಕೆ ಹಾರಿತು. ಪಿಎಸ್‌ಎಲ್‌ವಿ-ಸಿ60 ರಾಕೆಟ್ಟಿನ ಸಮಯವನ್ನು ಕಕ್ಷೆಯಲ್ಲಿರುವ ಇತರ ಉಪಗ್ರಹಗಳಿಂದ ಸುರಕ್ಷಿತ ಅಂತರ ಕಾಯುವುದಕ್ಕಾಗಿ ರಾತ್ರಿ 9:58ರಿಂದ 10:00ಕ್ಕೆ, ಬರೀ ಎರಡು ನಿಮಿಷ, ಮುಂದೂಡಿದರು. ನಾನು ನಿಗದಿತ ಸಮಯಕ್ಕೊಂದು, ನಡೆದ ಸಮಯಕ್ಕೊಂದು ಕಾಲಂ ಇಟ್ಟು, ಮೊದಲನೆಯದರಲ್ಲಿ ಬದಲಾವಣೆಗಳನ್ನು ಅಳಿಸದೆ ಒಂದರ ಕೆಳಗೊಂದು ಉಳಿಸಿಕೊಳ್ಳುತ್ತೇನೆ. ಮುಂದೂಡಿಕೆಯ ಇತಿಹಾಸವೂ ಉಡಾವಣೆಯ ಇತಿಹಾಸವೇ ಎಂಬುದು ನನ್ನ ಅಭಿಪ್ರಾಯ.

ನಡೆದ ಸಮಯವೆಂದರೂ ಯಾವ ಕ್ಷಣ ಎಂಬುದು ಸೆಕೆಂಡುಗಳ ಮಟ್ಟದಲ್ಲಿ ಮತ್ತೆ ಎದುರಾಗುತ್ತದೆ. ಫಾಲ್ಕನ್-9ರ ಎಂಜಿನುಗಳು ಕ್ಷಣಗಣನೆಯ ಸೊನ್ನೆಗೆ ಸುಮಾರು ಮೂರು ಸೆಕೆಂಡು ಮೊದಲೇ ಹೊತ್ತಿಕೊಳ್ಳುತ್ತವೆ, ಸೊನ್ನೆಯಲ್ಲಿ ರಾಕೆಟ್ ನೆಲ ಬಿಡುತ್ತದೆ. ಜಿಸ್ಯಾಟ್-11ನ್ನು ಒಯ್ದ ಏರಿಯಾನ್-5ರಲ್ಲಿ ಕ್ರಮ ತಿರುಗುಮುರುಗು: ಸೊನ್ನೆಯೆಂದರೆ ಮುಖ್ಯ ಎಂಜಿನ್ ಹೊತ್ತುವ ವೇಳೆ, ಅದು ಸರಿಯಾಗಿ ಉರಿಯುತ್ತಿದೆಯೆಂದು ಖಚಿತವಾದ ಮೇಲೆ ಸುಮಾರು ಏಳನೆಯ ಸೆಕೆಂಡಿಗೆ ಘನ ಇಂಧನದ ಬೂಸ್ಟರುಗಳು ಹೊತ್ತಿ ರಾಕೆಟ್ ಮೇಲೇಳುತ್ತದೆ. ನಮ್ಮ ಎಲ್‌ವಿಎಂ3ರಲ್ಲಿ ಎರಡು ಎಸ್200 ಬೂಸ್ಟರುಗಳು ಹೊತ್ತುವುದೇ ಸೊನ್ನೆ, ಅಲ್ಲಿ ಏರುವುದಕ್ಕೂ ಅದಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ಅಮೆರಿಕದಲ್ಲಿ ಎಲ್ ಮೈನಸ್ ಮತ್ತು ಟಿ ಮೈನಸ್ ಎಂದು ಎರಡು ಎಣಿಕೆಗಳಿದ್ದವು. ಸ್ಪೇಸ್ ಷಟಲ್ ನೌಕೆಗಳ ಕಾಲದಲ್ಲಿ ಟಿ ಗಡಿಯಾರ 43 ಗಂಟೆಯಿಂದ ಶುರುವಾದರೂ ನಡುನಡುವೆ ಮೊದಲೇ ಗೊತ್ತು ಮಾಡಿದ ನಿಲುಗಡೆಗಳಿದ್ದ ಕಾರಣ ಸೊನ್ನೆ ಮುಟ್ಟಲು ಸುಮಾರು ಮೂರು ದಿನ ಹಿಡಿಯುತ್ತಿತ್ತು. ಎಲ್ ಗಡಿಯಾರ ಮಾತ್ರ ಎಲ್ಲೂ ನಿಲ್ಲದೆ ನಿಜವಾದ ಸಮಯವನ್ನು ಎಣಿಸುತ್ತಿತ್ತು. ನಾನು ನೆಲ ಬಿಟ್ಟ ಕ್ಷಣವನ್ನು ದಾಖಲಿಸುತ್ತೇನೆ. ಮೂಲದಲ್ಲಿ ಸೊನ್ನೆಯ ಸಮಯ ಮಾತ್ರ ಇದ್ದರೆ ಹಾಗೆಂದು ಟಿಪ್ಪಣಿ ಹಾಕುತ್ತೇನೆ.

ಸೆಕೆಂಡು ಇಷ್ಟು ಮುಖ್ಯವೇ ಎಂದು ಬಳಗದಲ್ಲಿ ಕೆಲವರು ಕೇಳುವುದುಂಟು. ಸೆಕೆಂಡು ಗೊತ್ತಿದ್ದರೆ ಬರೆಯಬೇಕು, ಗೊತ್ತಿಲ್ಲದಿದ್ದರೆ ಸೊನ್ನೆ ಹಾಕಬಾರದು ಎಂಬುದೇ ನನ್ನ ಉತ್ತರ. 09:05 ಎಂದರೆ ನಿಮಿಷದವರೆಗೆ ಮಾತ್ರ ತಿಳಿದಿದೆ ಎಂದರ್ಥ. 09:05:00 ಎಂದರೆ ಸೆಕೆಂಡೂ ತಿಳಿದಿದೆ, ಅದು ಸೊನ್ನೆ ಎಂದರ್ಥ. ಈ ವಿಷಯದಲ್ಲಿ ನನಗೆ ದಾರಿ ತೋರಿದ್ದು ಖಗೋಳವಿಜ್ಞಾನಿ ಜೊನಾಥನ್ ಮೆಕ್‌ಡೊವೆಲ್ ಅವರ ಉಡಾವಣಾ ದಾಖಲೆ. ಅವರು ಅಸ್ಪಷ್ಟ ತಾರೀಖುಗಳಿಗೆಂದೇ ಒಂದು ಬರವಣಿಗೆಯ ಕ್ರಮವನ್ನು ರೂಪಿಸಿದ್ದಾರೆ. ಸೆಕೆಂಡಿನ ಭಾಗದಿಂದ ಹಿಡಿದು ನಿಮಿಷ, ಗಂಟೆ, ದಿನ, ತಿಂಗಳು, ವರ್ಷದ ಕಾಲುಭಾಗ, ದಶಕ, ಶತಮಾನದವರೆಗೆ ಎಷ್ಟು ಗೊತ್ತೋ ಅಷ್ಟನ್ನೇ ಬರೆದು, ಅದರಲ್ಲಿಯೂ ಸಂಶಯವಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ಹಳೆಯ ಕಾಲದ ದಾಖಲೆಗಳನ್ನು ತುಂಬುವಾಗ ಇದಕ್ಕಿಂತ ಪ್ರಾಮಾಣಿಕವಾದ ಪದ್ಧತಿ ನನಗೆ ಕಂಡಿಲ್ಲ.

ಉಪಗ್ರಹಗಳ ಅಂತರರಾಷ್ಟ್ರೀಯ ಗುರುತುಸಂಖ್ಯೆಯೂ ತಾರೀಖಿನಿಂದಲೇ ಹುಟ್ಟುತ್ತದೆ: ಉಡಾವಣೆಯ ವರ್ಷ, ಆ ವರ್ಷದ ಎಷ್ಟನೆಯ ಉಡಾವಣೆ ಎಂಬ ಸಂಖ್ಯೆ, ಕೊನೆಗೊಂದು ಅಕ್ಷರ. ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದ ಕಪುಸ್ತಿನ್ ಯಾರ್‌ನಿಂದ ಹಾರಿದ ಆರ್ಯಭಟ 1975-033ಎ. ಇಸ್ರೋದ ಉಪಗ್ರಹ ಎಕ್ಸ್‌ಪೋಸ್ಯಾಟ್ 2024ರ ಜನವರಿ 1ರ ಬೆಳಿಗ್ಗೆ 9:10ಕ್ಕೆ, ಯುಟಿಸಿ 03:40ಕ್ಕೆ ಏರಿ ಆ ವರ್ಷದ ಮೊದಲ ಸಂಖ್ಯೆಯನ್ನೇ ಪಡೆದು 2024-001ಎ ಆಯಿತು. ಅದೇ ರಾಕೆಟ್ ನಾಲ್ಕು ಗಂಟೆ ಮೊದಲು ಹೋಗಿದ್ದರೆ ಇಲ್ಲಿ ಹೊಸ ವರ್ಷ ಬಂದು ಐದು ಗಂಟೆ ಕಳೆದಿದ್ದರೂ ಅದು ಹಿಂದಿನ ವರ್ಷದ ಕೊನೆಯ ಸಂಖ್ಯೆಗಳ ಜೊತೆ ನಿಲ್ಲುತ್ತಿತ್ತು.

ಇನ್ನೂ ನಡೆಯದ ಉಡಾವಣೆಗಳ ಸಾಲುಗಳಲ್ಲಿ ನಾನು ಹೆಚ್ಚು ಜಿಪುಣ. ‘ಇದಕ್ಕಿಂತ ಮೊದಲಲ್ಲ’ ಎಂಬ ಗುರುತಿನೊಂದಿಗೆ ಬರುವ ತಾರೀಖು ಒಂದು ಗಡಿಯೇ ಹೊರತು ನಿರ್ಧಾರವಲ್ಲ, ಆದ್ದರಿಂದ ಆ ಗುರುತನ್ನು ತೆಗೆದು ಬರಿಯ ತಾರೀಖನ್ನು ನಾನು ಎಂದೂ ಬರೆಯುವುದಿಲ್ಲ. ತಿಂಗಳು ಮಾತ್ರ ತಿಳಿದಿದ್ದರೆ 30 ಅಥವಾ 31 ಎಂದು ಕೊನೆಯ ದಿನವನ್ನು ತುಂಬುವ ರೂಢಿ ಕೆಲವು ಪಟ್ಟಿಗಳಲ್ಲಿದೆ. ಯಂತ್ರಕ್ಕೆ ಅನುಕೂಲವಾದರೂ ಓದುಗ ಅದನ್ನು ನಿಜವೆಂದು ನಂಬಿ ಪ್ರಯಾಣದ ಟಿಕೆಟ್ ಕೊಂಡುಕೊಳ್ಳುವ ಅಪಾಯವಿದೆ. 2018ರ ಆಗಸ್ಟ್ 15ರಂದು ಭಾರತೀಯರೊಬ್ಬರು 2022ರೊಳಗೆ ನಮ್ಮದೇ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಲಿದ್ದಾರೆಂದು ಘೋಷಣೆಯಾದಾಗ ನನ್ನ ಪಟ್ಟಿಗೆ ಸೇರಿದ ಸಾಲಿನಲ್ಲಿ ವರ್ಷದ ಹೊರತು ಇನ್ನೇನೂ ಇರಲಿಲ್ಲ. ಆ 2022 ಎಂಬ ಅಂಕಿಯ ಕೆಳಗೆ ಆಮೇಲೆ ಬೇರೆ ವರ್ಷಗಳು ಬಂದು ಕುಳಿತಿವೆ. ತಿಂಗಳು, ದಿನ ಮತ್ತು ಗಂಟೆಯ ಕೋಶಗಳನ್ನು ನಾನು ಖಾಲಿಯಾಗಿಯೇ ಇಟ್ಟಿದ್ದೇನೆ.