ಅಮೆರಿಕದ ಸರ್ಕಾರಿ ಕಿಂಡರ್‌ಗಾರ್ಟನ್: ರಾಜ್ಯದ ಕಾನೂನು ತಿಳಿದು ಮಗುವನ್ನು ಸೇರಿಸುವುದು ಹೇಗೆ?

ಚಿಕ್ಕ ಮಕ್ಕಳೊಂದಿಗೆ ಅಮೆರಿಕಕ್ಕೆ ಹೊರಡುವ ಕನ್ನಡ ಕುಟುಂಬಗಳು ವೀಸಾ, ಬಾಡಿಗೆ ಮನೆ, ಆರೋಗ್ಯ ವಿಮೆಗಳ ಬಗ್ಗೆ ಸಾಕಷ್ಟು ವಿಚಾರಿಸಿಕೊಂಡಿರುತ್ತವೆ. ಶಾಲೆಯ ವಿಷಯದಲ್ಲಿ ಮಾತ್ರ ‘ಅಲ್ಲಿ ಸರ್ಕಾರಿ ಶಾಲೆ ಪೂರ್ತಿ ಉಚಿತ’ ಎಂಬ ಒಂದೇ ಮಾತನ್ನು ನಂಬಿಕೊಂಡು ಹೋಗುತ್ತವೆ. ಒಂದನೇ ತರಗತಿಯಿಂದ ಮುಂದಕ್ಕೆ ಆ ಮಾತು ನಿಜ. ನಮ್ಮ ಯುಕೆಜಿಗೆ ಹೆಚ್ಚುಕಡಿಮೆ ಸಮನಾದ ಕಿಂಡರ್‌ಗಾರ್ಟನ್‌ ಮಟ್ಟಿಗೆ ಅದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಪ್ರಸ್ತಾಪವೇ ಇಲ್ಲ. 1973ರಲ್ಲಿ ಸ್ಯಾನ್ ಆಂಟೋನಿಯೊ ಪ್ರಕರಣದ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಶಿಕ್ಷಣವು ಒಕ್ಕೂಟದ ಸಂವಿಧಾನ ನೀಡುವ ಮೂಲಭೂತ ಹಕ್ಕಲ್ಲ ಎಂದೂ ಹೇಳಿತು. ಹೀಗಾಗಿ ನೀವು ನೆಲೆಸಲಿರುವ ರಾಜ್ಯದ ಕಾನೂನನ್ನೇ ಹಿಡಿದು ಹೊರಡಬೇಕು.

ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿ. ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಕಿಂಡರ್‌ಗಾರ್ಟನ್ ನಡೆಸಲೇಬೇಕೆ? ಮಗು ಅದಕ್ಕೆ ಹೋಗಲೇಬೇಕೆ? ಇಡೀ ದಿನದ ತರಗತಿಗೆ ಹಣ ಕೊಡುವವರು ಯಾರು? ಈ ಮೂರನ್ನೂ ಒಂದೇ ಎಂದು ತಿಳಿಯುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಡಿಸ್ಟ್ರಿಕ್ಟ್‌ಗಳು ತರಗತಿ ನಡೆಸಬೇಕು, ಆದರೆ ಕಡ್ಡಾಯ ಶಿಕ್ಷಣ ಆರಂಭವಾಗುವುದು ಆರನೇ ವಯಸ್ಸಿಗೆ. ಕಿಂಡರ್‌ಗಾರ್ಟನ್ ಕಡ್ಡಾಯಗೊಳಿಸುವ ಮಸೂದೆಯನ್ನು ಶಾಸಕಾಂಗ ಒಪ್ಪಿದ್ದರೂ 2022ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ವೆಚ್ಚದ ಕಾರಣ ನೀಡಿ ಅದಕ್ಕೆ ಸಹಿ ಹಾಕಲಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಕಡ್ಡಾಯ ಹಾಜರಾತಿಯ ವಯಸ್ಸು ಎಂಟು. ಟೆಕ್ಸಸ್‌ನಲ್ಲಿ ಆರು; ಅದಕ್ಕೆ ಮೊದಲೇ ಮಗುವನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸಿದರೆ ಹಾಜರಾತಿ ನಿಯಮ ಅಂದಿನಿಂದಲೇ ಅನ್ವಯಿಸುತ್ತದೆ.

ಮೂರನೆಯ ಪ್ರಶ್ನೆಯೇ ಮನೆಯ ಖರ್ಚನ್ನು ನಿರ್ಧರಿಸುವುದು. ಕೊಲರಾಡೊ ರಾಜ್ಯ ಬಹಳ ವರ್ಷ ಹೆಚ್ಚುಕಡಿಮೆ ಅರ್ಧ ದಿನದ ಹಣವನ್ನಷ್ಟೇ ಕೊಡುತ್ತಿತ್ತು; ಉಳಿದರ್ಧಕ್ಕೆ ಹಲವು ಡಿಸ್ಟ್ರಿಕ್ಟ್‌ಗಳು ಪೋಷಕರಿಂದಲೇ ಶುಲ್ಕ ಪಡೆಯುತ್ತಿದ್ದವು. ಅಂದರೆ ಸರ್ಕಾರಿ ಶಾಲೆಯ ಒಂದೇ ಕೊಠಡಿಯಲ್ಲಿ ಬೆಳಿಗ್ಗೆ ಉಚಿತ, ಮಧ್ಯಾಹ್ನ ದುಡ್ಡು. 2019ರ ಕಾನೂನು ಇಡೀ ದಿನದ ಹಣವನ್ನು ರಾಜ್ಯವೇ ಭರಿಸುವಂತೆ ಮಾಡಿತು. ನ್ಯೂಜೆರ್ಸಿಯ ಚರಿತ್ರೆ ಇನ್ನೂ ದೀರ್ಘ. ಆ ರಾಜ್ಯದ್ದೇ ಆದ ಸುಪ್ರೀಂ ಕೋರ್ಟ್ 1998ರಲ್ಲಿ, ಆಬಟ್ ಪ್ರಕರಣ ಎಂದೇ ಹೆಸರಾದ ವ್ಯಾಜ್ಯದಲ್ಲಿ, ಬಡ ನಗರ ಪ್ರದೇಶಗಳ ಡಿಸ್ಟ್ರಿಕ್ಟ್‌ಗಳಲ್ಲಿ ಇಡೀ ದಿನದ ಕಿಂಡರ್‌ಗಾರ್ಟನ್ ಮತ್ತು ಮೂರು, ನಾಲ್ಕು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣ ಒದಗಿಸಲು ಆದೇಶಿಸಿತು. ಉಳಿದ ಕಡೆ ತೀರ್ಮಾನ ಸ್ಥಳೀಯ ಮಂಡಳಿಗಳದ್ದೇ ಆಗಿತ್ತು. 2029-30ರೊಳಗೆ ಎಲ್ಲ ಡಿಸ್ಟ್ರಿಕ್ಟ್‌ಗಳೂ ಇಡೀ ದಿನದ ಕಿಂಡರ್‌ಗಾರ್ಟನ್ ಅನ್ನು ಉಚಿತವಾಗಿ ನಡೆಸಬೇಕೆಂಬ ಕಾನೂನು ಬಂದದ್ದು 2025ರಲ್ಲಿ. ಐದು ವರ್ಷದ ಮಗುವಿನ ಮಧ್ಯಾಹ್ನದ ಪಾಠ ಹೆತ್ತವರ ವಿಳಾಸವನ್ನು ಅವಲಂಬಿಸಿರುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅದು ಹಾಗಿರುವವರೆಗೆ, ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಆ ಡಿಸ್ಟ್ರಿಕ್ಟ್‌ನ ಕಚೇರಿಗೆ ಫೋನ್ ಮಾಡಿ, ತರಗತಿ ಎಷ್ಟು ಗಂಟೆಗೆ ಬಿಡುತ್ತದೆ ಎಂದು ಕೇಳಿಕೊಳ್ಳಿ.

ಮುಂದಿನದು ವಯಸ್ಸಿನ ಲೆಕ್ಕ. ಕ್ಯಾಲಿಫೋರ್ನಿಯಾ, ಟೆಕ್ಸಸ್, ಇಲಿನಾಯ್, ಜಾರ್ಜಿಯಾಗಳಲ್ಲಿ ಸೆಪ್ಟೆಂಬರ್ 1ರೊಳಗೆ ಐದು ತುಂಬಿರಬೇಕು. ನ್ಯೂಯಾರ್ಕ್ ನಗರದಲ್ಲಿ ಆ ಕ್ಯಾಲೆಂಡರ್ ವರ್ಷ ಮುಗಿಯುವುದರೊಳಗೆ ತುಂಬಿದರೆ ಸಾಕು. ಅಕ್ಟೋಬರ್‌ನಲ್ಲಿ ಹುಟ್ಟಿದ ಮಗು ನ್ಯೂಯಾರ್ಕ್‌ನಲ್ಲಾದರೆ ಈ ವರ್ಷವೇ ಸೇರಬಹುದು, ಟೆಕ್ಸಸ್‌ನ ಡಲ್ಲಾಸ್‌ನಲ್ಲಾದರೆ ಮುಂದಿನ ವರ್ಷ. ಇಲ್ಲೊಂದು ಎಚ್ಚರಿಕೆ: ನಮ್ಮ ಜನನ ಪ್ರಮಾಣಪತ್ರದ 05/08 ಎಂದರೆ ಆಗಸ್ಟ್ 5; ಅಮೆರಿಕದಲ್ಲಿ ತಿಂಗಳನ್ನು ಮೊದಲು ಬರೆಯುವುದರಿಂದ ಅದು ಮೇ 8 ಆಗುತ್ತದೆ. ಅರ್ಜಿಯಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.

ನಾಲ್ಕು ವರ್ಷದ ಮಗುವಿದ್ದರೂ ವಿಚಾರಿಸದೆ ಬಿಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2025-26ರಿಂದ ಸೆಪ್ಟೆಂಬರ್ 1ರೊಳಗೆ ನಾಲ್ಕು ತುಂಬಿದ ಎಲ್ಲರಿಗೂ ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್ (ಕಿಂಡರ್‌ಗಾರ್ಟನ್‌ಗೆ ಮೊದಲಿನ ಒಂದು ವರ್ಷದ ತರಗತಿ) ಉಚಿತ. ಟೆಕ್ಸಸ್‌ನಲ್ಲಿ ಪ್ರೀ-ಕೆ, ಅಂದರೆ ಕಿಂಡರ್‌ಗಾರ್ಟನ್‌ಗೂ ಮೊದಲಿನ ತರಗತಿ, ಎಲ್ಲರಿಗೂ ಉಚಿತವಲ್ಲ, ಆದರೆ ಇಂಗ್ಲಿಷ್ ಆಡಲು, ಅರ್ಥಮಾಡಿಕೊಳ್ಳಲು ಬಾರದ ಮಕ್ಕಳು ಅರ್ಹರ ಪಟ್ಟಿಯಲ್ಲಿದ್ದಾರೆ, ಮತ್ತು ಆ ಅಂಶಕ್ಕೆ ಆದಾಯದ ಮಿತಿ ಇಲ್ಲ. ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿ ಬೆಳೆದ ಮಗುವಿಗೆ ಅಲ್ಲಿ ಜಾಗವಿದೆ.

ದಾಖಲೆಗಳಲ್ಲಿ ವಯಸ್ಸಿನ ಪುರಾವೆ, ವಿಳಾಸದ ಪುರಾವೆಯಾಗಿ ಬಾಡಿಗೆ ಕರಾರು ಅಥವಾ ವಿದ್ಯುತ್ ಬಿಲ್, ಲಸಿಕೆಯ ವಿವರ ಮುಖ್ಯ. ವಲಸೆ ಸ್ಥಿತಿಯ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಪ್ಲೈಲರ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಹೆಚ್ಚು ಓಡಾಟ ತರುವುದು ಲಸಿಕೆ. ನಮ್ಮ ಸರ್ಕಾರಿ ಆಸ್ಪತ್ರೆ, ಅಂಗನವಾಡಿಗಳಲ್ಲಿ ಹಾಕುವುದು ದಡಾರ-ರುಬೆಲ್ಲಾ ಲಸಿಕೆ. ಅದರಲ್ಲಿ ಮಂಗನಬಾವಿನ ಅಂಶವಿಲ್ಲ, ಸೀತಾಳೆ ಸಿಡುಬಿನ ಲಸಿಕೆ ಆ ಪಟ್ಟಿಯಲ್ಲೇ ಇಲ್ಲ. ಕ್ಯಾಲಿಫೋರ್ನಿಯಾ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಎರಡು, ಸೀತಾಳೆ ಸಿಡುಬಿಗೆ ಎರಡು ಡೋಸ್ ಕೇಳುತ್ತದೆ. ತಾಯಿ ಕಾರ್ಡ್‌ನ ಲಸಿಕೆ ಪುಟವನ್ನು ಇಲ್ಲಿನ ಮಕ್ಕಳ ವೈದ್ಯರಿಗೆ ತೋರಿಸಿ, ಬಾಕಿ ಚುಚ್ಚುಮದ್ದುಗಳನ್ನು ಹಾಕಿಸಿ, ಎಲ್ಲ ದಿನಾಂಕಗಳನ್ನೂ ಇಂಗ್ಲಿಷ್‌ನಲ್ಲಿ ಬರೆಸಿ ಮೊಹರು ಹಾಕಿಸಿಕೊಂಡರೆ ಅಲ್ಲಿ ಅಲೆದಾಟ ತಪ್ಪುತ್ತದೆ.

ಪ್ರವೇಶದ ಕಾಗದಗಳ ನಡುವೆ ಮನೆಮಾತು ಯಾವುದೆಂದು ಕೇಳುವ ಒಂದು ನಮೂನೆ ಇರುತ್ತದೆ. ಮಗುವನ್ನು ಹಿಂದೆ ತಳ್ಳಿಬಿಡುತ್ತಾರೆಂಬ ಅಳುಕಿನಿಂದ ಕೆಲವರು ‘ಇಂಗ್ಲಿಷ್’ ಎಂದು ತುಂಬುತ್ತಾರೆ. ದಯವಿಟ್ಟು ‘ಕನ್ನಡ’ ಎಂದೇ ಬರೆಯಿರಿ. ಇಂಗ್ಲಿಷ್ ಬಾರದ ಮಕ್ಕಳಿಗೆ ಶಾಲೆ ಭಾಷಾ ನೆರವು ಕೊಡಲೇಬೇಕೆಂಬ ನಿಯಮ 1974ರ ಲಾವ್ ಪ್ರಕರಣದಿಂದ ಗಟ್ಟಿಯಾಗಿದೆ. ಆ ನೆರವು ಮಗುವಿಗೆ ಬೇಕೇ ಎಂಬುದನ್ನು ಶಾಲೆ ಪರೀಕ್ಷಿಸಿಯೇ ನಿರ್ಧರಿಸುತ್ತದೆ. 2013ರಲ್ಲಿ ಅನುದಾನದ ಸೂತ್ರ ಬದಲಿಸಿದ ಕ್ಯಾಲಿಫೋರ್ನಿಯಾ, ಇಂಗ್ಲಿಷ್ ಕಲಿಯುತ್ತಿರುವ ಪ್ರತಿ ಮಗುವಿಗೂ ಮೂಲ ಮೊತ್ತದ ಮೇಲೆ ಶೇ 20ರಷ್ಟು ಹೆಚ್ಚುವರಿ ಹಣವನ್ನು ಡಿಸ್ಟ್ರಿಕ್ಟ್‌ಗೆ ಕೊಡುತ್ತದೆ. ನಿಜ ಮುಚ್ಚಿಟ್ಟರೆ ನೆರವೂ ಹಣವೂ ಕೈತಪ್ಪುತ್ತವೆ.

ಶಾಲೆಯ ಹಣದ ಬಹುಪಾಲು ರಾಜ್ಯದ ಬೊಕ್ಕಸದಿಂದ ಮತ್ತು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಒಕ್ಕೂಟ ಸರ್ಕಾರದ ಪಾಲು ಸಾಮಾನ್ಯವಾಗಿ ಹತ್ತರಲ್ಲೊಂದರ ಆಸುಪಾಸು. ರಾಜ್ಯದ ಪಾಲನ್ನು ಲೆಕ್ಕ ಹಾಕುವ ಬಗೆಯನ್ನು ಪೋಷಕರು ತಿಳಿದಿರಬೇಕು. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್‌ಗಳಲ್ಲಿ ಅನುದಾನಕ್ಕೆ ಆಧಾರ ದೈನಂದಿನ ಸರಾಸರಿ ಹಾಜರಾತಿಯೇ ಹೊರತು ದಾಖಲಾದವರ ಸಂಖ್ಯೆಯಲ್ಲ. ಮಿಷಿಗನ್‌ನಲ್ಲಿ ಅಕ್ಟೋಬರ್ ಮೊದಲ ಬುಧವಾರ ನಡೆಯುವ ಮಕ್ಕಳ ಎಣಿಕೆಗೆ ಹೆಚ್ಚಿನ ತೂಕವಿದೆ, ಮತ್ತು ಕೆಲವು ವರ್ಷ ನಮ್ಮ ದಸರಾ ಅದೇ ಹೊತ್ತಿಗೆ ಬೀಳುತ್ತದೆ. ಅಜ್ಜ-ಅಜ್ಜಿಯನ್ನು ನೋಡಲು ಶಾಲೆಯ ದಿನಗಳಲ್ಲಿ ಊರಿಗೆ ಬರಲೇಬೇಕಾದಾಗ, ಟಿಕೆಟ್ ಕಾಯ್ದಿರಿಸುವ ಮುನ್ನ ಶಾಲೆಯ ಕಚೇರಿಗೆ ತಿಳಿಸಿ. ಕ್ಯಾಲಿಫೋರ್ನಿಯಾದಲ್ಲಿ ಇಂಡಿಪೆಂಡೆಂಟ್ ಸ್ಟಡಿ ಎಂಬ ಲಿಖಿತ ಒಪ್ಪಂದಕ್ಕೆ ಅವಕಾಶವಿದ್ದು, ಅದರಂತೆ ಮಗು ಊರಿನಿಂದಲೇ ಪಾಠದ ಕೆಲಸ ಮುಗಿಸಿ ಒಪ್ಪಿಸಿದರೆ ಆ ದಿನಗಳೂ ಹಾಜರಾತಿಯ ಲೆಕ್ಕಕ್ಕೆ ಬರುತ್ತವೆ. ಆ ಒಪ್ಪಂದಕ್ಕೆ ಎಷ್ಟು ದಿನ ಮುಂಚೆ ಅರ್ಜಿ ಕೊಡಬೇಕು ಎಂಬುದನ್ನು ಪ್ರವೇಶದ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.