ಸ್ಟೆಂಟ್ ಹಾಕಿಸಿಕೊಂಡವರ ವಸಡಿಗೆ ನಾನು ಕೈ ಹಾಕುವ ರೀತಿ

ನಾನು ವಸಡಿನ ಡಾಕ್ಟರು. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ಕ್ಲಿನಿಕ್. ಬಿಪಿ, ಶುಗರ್ ಇರುವವರೇ ಹೆಚ್ಚಾಗಿ ಬರುತ್ತಾರೆ. ಹೃದಯದ ರಕ್ತನಾಳ ಮುಚ್ಚದಂತೆ ಒಳಗಿಡುವ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕಿಸಿಕೊಂಡವರೂ ಈಗೀಗ ಕಮ್ಮಿಯಿಲ್ಲ. ಇಂಥವರ ಬಾಯನ್ನು ನಾನು ಒಂದೇ ಸಲಕ್ಕೆ ಕ್ಲೀನ್ ಮಾಡಿ ಮುಗಿಸುವುದಿಲ್ಲ. "ಸುಮ್ನೆ ಓಡಾಡಿಸ್ತೀರಲ್ಲ ಡಾಕ್ಟ್ರೇ" ಎಂದು ಗೊಣಗುವವರು ಬಹಳ. ಕಾರಣ ಬರೆದಿಡೋಣ ಅನ್ನಿಸಿತು.

ಬಾಯಿ ತೆರೆಸುವ ಮೊದಲು ಮಾತ್ರೆ ಚೀಟಿ ನೋಡುತ್ತೇನೆ. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮಾತ್ರೆಯನ್ನು ತಾವೇ ನಿಲ್ಲಿಸಿಕೊಂಡು ಬಂದಿದ್ದರು. "ರಕ್ತ ನಿಲ್ಲಲ್ಲ ಅಂತ ಪಕ್ಕದ ಮನೆಯವ್ರು ಹೇಳಿದ್ರು ಸಾರ್." ಆವತ್ತು ನಾನು ಮುಟ್ಟಲಿಲ್ಲ. ಅವರ ಹೃದಯದ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ಮತ್ತೆ ಶುರು ಮಾಡಿಸಿ ಕಳಿಸಿದೆ. ವಸಡಿನ ರಕ್ತವನ್ನು ಬಟ್ಟೆ ಒತ್ತಿ ಹಿಡಿದು ನಿಲ್ಲಿಸಬಹುದು. ಸ್ಟೆಂಟ್ ಒಳಗೆ ಹೆಪ್ಪುಗಟ್ಟಿದರೆ ನನ್ನ ಕ್ಲಿನಿಕ್ಕಿನಲ್ಲಿ ಅದಕ್ಕೆ ಮದ್ದಿಲ್ಲ. ಹೃದಯದಲ್ಲಿ ಕೃತಕ ಕವಾಟ ಇರುವವರಿಗೆ, ಹಿಂದೆ ಕವಾಟಕ್ಕೆ ಸೋಂಕು ತಗುಲಿದವರಿಗೆ ಮುಂಚಿತವಾಗಿ ಆಂಟಿಬಯಾಟಿಕ್ ಬೇಕು. ಸ್ಟೆಂಟ್ ಒಂದೇ ಇದ್ದರೆ ಬೇಡ.

ಆಮೇಲೆ ಅಳತೆ. ಮಿಲಿಮೀಟರ್ ಗೆರೆಯಿರುವ ಸಣ್ಣ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸುತ್ತೇನೆ. ಮೂರರವರೆಗೆ ಸರಿ. ಕಂಡಕ್ಟರ್ ಮತ್ತೆ ಬಂದಾಗ ಅವರ ದವಡೆ ಹಲ್ಲುಗಳ ಸಂದಿಯಲ್ಲಿ "ಐದು, ಏಳು, ಆರು" ಎಂದು ನಾನು ಹೇಳುತ್ತಾ ಹೋದೆ, ಸಹಾಯಕಿ ಬರೆದುಕೊಂಡಳು. ಕಡ್ಡಿ ತೆಗೆದ ಕಡೆಯೆಲ್ಲ ಕೆಂಪು ಹನಿ. ಕೈಗನ್ನಡಿ ಕೊಟ್ಟು ತೋರಿಸಿದೆ. ರಕ್ತ ಬರುತ್ತದೆಂದು ಅವರು ಬ್ರಷ್ ಬಿಟ್ಟು ಬೆರಳಲ್ಲಿ ಉಜ್ಜುತ್ತಿದ್ದರಂತೆ. ರಕ್ತ ಬರುವ ಜಾಗವನ್ನೇ ಚೆನ್ನಾಗಿ ಉಜ್ಜಬೇಕು ಅಂದರೆ ಯಾರೂ ತಟ್ಟನೆ ನಂಬುವುದಿಲ್ಲ. ಬೀಡಿಯವರದು ಇನ್ನೊಂದು ಕಥೆ: ಬೀಡಿ ಸೇದುವವರಲ್ಲಿ ವಸಡಿನ ರಕ್ತ ಕಮ್ಮಿ ಕಾಣುತ್ತದೆ, ಆದರೂ ಒಳಗೆ ಮೂಳೆ ಕರಗುತ್ತಿರಬಹುದು.

ಬಾಯಿತುಂಬ ಇಂಥ ಆಳದ ಸಂದಿಗಳಿದ್ದರೆ, ಹುಣ್ಣಾದ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ದೊಡ್ಡ ಗಾಯವೇ ಆಗುತ್ತದೆ. ಕೈಮೇಲೆ ಅಷ್ಟು ದೊಡ್ಡ ಗಾಯ ಇಟ್ಟುಕೊಂಡು ಯಾರೂ ವರ್ಷಗಟ್ಟಲೆ ಸುಮ್ಮನಿರುವುದಿಲ್ಲ. ಅಗಿಯುವಾಗ, ಉಜ್ಜುವಾಗ ಅಲ್ಲಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತವೆ. ಯಕೃತ್ತು ಸಿಆರ್‌ಪಿ ಎಂಬ, ಉರಿಯೂತವನ್ನು ಸೂಚಿಸುವ ಪ್ರೋಟೀನನ್ನು ಹೆಚ್ಚಿಸುತ್ತದೆ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನು ಹಿಗ್ಗಿಸುವ ಕೆಲಸದಲ್ಲಿ ಹಿಂದೆ ಬೀಳುತ್ತದೆ.

ನಾನು ಕಂತಿನಲ್ಲಿ ಕ್ಲೀನ್ ಮಾಡುವುದರ ಹಿಂದೆ 2007ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವಿದೆ. ವಸಡಿನ ರೋಗ ತೀವ್ರವಾಗಿದ್ದ 120 ಜನರಲ್ಲಿ ಅರ್ಧದಷ್ಟು ಮಂದಿಗೆ ಆಳದ ಚಿಕಿತ್ಸೆ, ಉಳಿದವರಿಗೆ ಮಾಮೂಲಿ ಕ್ಲೀನಿಂಗ್. ತೋಳಿಗೆ ಪಟ್ಟಿ ಬಿಗಿದು ಬಿಟ್ಟಾಗ ನಾಳ ಎಷ್ಟು ಹಿಗ್ಗುತ್ತದೆ ಎಂದು ಅಲ್ಟ್ರಾಸೌಂಡಿನಲ್ಲಿ ಅಳೆದರು. ಆಳದ ಚಿಕಿತ್ಸೆಯಾದ ಮರುದಿನ ನಾಳ ಮಾಮೂಲಿ ಗುಂಪಿಗಿಂತ ಕಮ್ಮಿ ಹಿಗ್ಗಿತು, ಸಿಆರ್‌ಪಿ ಏರಿತ್ತು. ಎರಡು ತಿಂಗಳಿಗೆ ನಾಳದ ಲೆಕ್ಕ ತಿರುವುಮುರುವು: ಮಾಮೂಲಿ ಗುಂಪಿಗಿಂತ ಹೆಚ್ಚು ಹಿಗ್ಗಿತು. ಆರು ತಿಂಗಳಿಗೆ ಮಾಮೂಲಿ ಗುಂಪಿಗಿಂತ ಸ್ಪಷ್ಟವಾಗಿ ಉತ್ತಮ. ಎಲ್ಲರೂ ಆ 'ಆರು ತಿಂಗಳು' ಹೇಳುತ್ತಾರೆ. ನನಗೆ ಮುಖ್ಯವಾಗಿದ್ದು ಆ ಮರುದಿನ. ಹೃದಯ ಗಟ್ಟಿಯಿರುವವರು ಅದನ್ನು ತಡೆದುಕೊಳ್ಳಬಹುದು; ಸ್ಟೆಂಟ್ ಇರುವವರಿಗೆ ಆ ಹೊರೆಯನ್ನು ಹಂಚಿ ಕೊಡೋಣ ಎಂಬುದು ನನ್ನ ಲೆಕ್ಕ. ಬಾಯಿಯ ಒಂದೊಂದು ಕಾಲುಭಾಗ, ನಡುವೆ ಒಂದು ವಾರ. ಬೆಳಿಗ್ಗೆ ಹೊತ್ತು, ತಿಂಡಿ ಮಾತ್ರೆ ಆದಮೇಲೆ, ಬಿಪಿ ನೋಡಿ ಶುರು.

"ಇನ್ನು ಹಾರ್ಟ್ ಅಟ್ಯಾಕ್ ಬರಲ್ವಾ ಸಾರ್?" ಕಂಡಕ್ಟರ್ ಕೇಳಿಯೇ ಕೇಳಿದರು. ಬರುವುದಿಲ್ಲ ಎಂದು ನಾನು ಹೇಳುವುದಿಲ್ಲ, ಹೇಳುವ ಬೋರ್ಡುಗಳನ್ನು ಕಂಡರೆ ಸಿಟ್ಟೂ ಬರುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಹೇಳಿದ್ದೂ ಇಷ್ಟೇ: ವಸಡಿನ ರೋಗಕ್ಕೂ ಹೃದ್ರೋಗಕ್ಕೂ ನಂಟಿದೆ, ಒಂದರಿಂದಲೇ ಇನ್ನೊಂದು ಎಂಬುದಕ್ಕೆ ಪುರಾವೆ ಇಲ್ಲ. ಬಿಪಿ, ಕೊಲೆಸ್ಟ್ರಾಲ್ ಮಾತ್ರೆಯ ಜಾಗದಲ್ಲಿ ವಸಡಿನ ಕ್ಲೀನಿಂಗ್ ಕೂರುವುದಿಲ್ಲ. ಶುಗರ್ ವಿಷಯದಲ್ಲಿ ಮಾತ್ರ ಸ್ವಲ್ಪ ಧೈರ್ಯವಾಗಿ ಮಾತಾಡುತ್ತೇನೆ. ವಸಡು ಸರಿಹೋದರೆ ಮೂರು ತಿಂಗಳ ಸರಾಸರಿ ತುಸು ಇಳಿಯುವುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಮುಗಿದ ಎರಡು ತಿಂಗಳಿಗೆ ಮತ್ತೆ ಅಳೆದೆವು. ಏಳಿದ್ದದ್ದು ನಾಲ್ಕಕ್ಕೆ ಬಂದಿತ್ತು, ಹನಿ ರಕ್ತ ಎಲ್ಲೋ ಒಂದೆರಡು ಕಡೆ. ಸಂದಿಗೆ ಹಾಕುವ ಚಿಕ್ಕ ಬ್ರಷ್ ಅವರಿಗೆ ಒಗ್ಗಿದೆ. ಮೇಲಿನ ಕೊನೆ ದವಡೆಯ ಹಿಂದೆ ಮಾತ್ರ ಇನ್ನೂ ಆರು. ಅದಕ್ಕೆ ವಸಡು ಬಿಡಿಸಿ ಮಾಡುವ ಆಪರೇಷನ್ ಬೇಕಾಗಬಹುದು; ಹೃದಯದ ಡಾಕ್ಟರ್ ಚೀಟಿ ತರಲು ಹೇಳಿ ಮೂರು ತಿಂಗಳ ಮುಂದಿನ ತಾರೀಕು ಕೊಟ್ಟಿದ್ದೇನೆ.