ಕಲಘಟಗಿ ಕಡೆ ಒಂದು ಟವರ್ ಬೇಕು ಅಂತ ನಾನು ಹೇಗೆ ಒಪ್ಪಿಸಿದೆ

ಹುಬ್ಬಳ್ಳಿಯಲ್ಲಿ ಕೂತು ಮೊಬೈಲ್ ನೆಟ್‌ವರ್ಕ್ ಪ್ಲಾನಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ಕಂಪನಿ ಹೆಸರು ಬೇಡ. ಹೊಸ ಟವರ್ ಕೇಳಿ ಕಳಿಸಿದ ಫೈಲ್ ಹೆಚ್ಚಾಗಿ ವಾಪಸ್ ಬರುವುದು ಒಂದೇ ಷರಾ ಹೊತ್ತುಕೊಂಡು: "ಇಲ್ಲಿ ಟ್ರಾಫಿಕ್ ಇಲ್ಲ." ಅಂದರೆ ಕಾಲ್, ಡೇಟಾ ಬಳಸುವವರು ಇಲ್ಲ. ಸಿಗ್ನಲ್ಲೇ ಇಲ್ಲದ ಊರಲ್ಲಿ ಟ್ರಾಫಿಕ್ ಎಲ್ಲಿಂದ ಬರಬೇಕು? ಬಸ್ಸೇ ಹೋಗದ ಊರಲ್ಲಿ ಎಷ್ಟು ಟಿಕೆಟ್ ಹರಿದಿರಿ ಅಂತ ಕೇಳಿದ ಹಾಗಾಯಿತು.

ಕಲಘಟಗಿ ತಾಲೂಕಿನ ಹಳಿಯಾಳ ಕಡೆಯ ಒಂದು ಊರಿನ ಫೈಲ್ ಇದು. ನವಲಗುಂದದ ಎರಿ ಹೊಲದ ಬಯಲಿನಲ್ಲಿ 40 ಮೀಟರ್ ಟವರ್ ನಿಲ್ಲಿಸಿದರೆ ಸಿಗ್ನಲ್ ದೂರದವರೆಗೆ ಹೋಗುತ್ತದೆ, ಅಡ್ಡ ಬರುವಂಥದ್ದು ಏನೂ ಇಲ್ಲ. ಕಲಘಟಗಿ ದಾಟಿದರೆ ಹಾಗಲ್ಲ. ಗುಡ್ಡ, ಕೆರೆ, ಭತ್ತದ ಗದ್ದೆ, ನಡುವೆ ಸಾಗವಾನಿ ಕಾಡು. ಈ ಊರು ಒಂದು ಗುಡ್ಡದ ಹಿಂದೆ ತಗ್ಗಿನಲ್ಲಿದೆ.

ನಮ್ಮ ನಕ್ಷೆಯಲ್ಲಿ ಮಾತ್ರ ಇಡೀ ಊರು ಹಸಿರು, ಅಂದರೆ ಸಿಗ್ನಲ್ ಇದೆ ಅಂತ. ಕವರೇಜ್ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಲೇಬೇಕು ಅಂತ ಟೆಲಿಕಾಂ ನಿಯಂತ್ರಕ ಟ್ರಾಯ್ 2024ರಲ್ಲಿ ಕಂಪನಿಗಳಿಗೆ ನಿಯಮ ಮಾಡಿದೆ, ಒಳ್ಳೆಯದೇ. ಆದರೆ ಇಂಥ ನಕ್ಷೆ ಬಹುಪಾಲು ಸಾಫ್ಟ್‌ವೇರ್ ಹಾಕಿದ ಲೆಕ್ಕ. ಆಂಟೆನಾ ಎಷ್ಟು ಎತ್ತರ, ಎತ್ತ ಮುಖ, ಎಷ್ಟು ಬಾಗಿದೆ, ನೆಲದ ಏರಿಳಿತ ಏನು ಅಂತ ಕೊಟ್ಟರೆ ಬಣ್ಣ ತುಂಬಿ ಕೊಡುತ್ತದೆ. ಜನ ಮನೆಯೊಳಗೆ ಕೂತು ಮಾತಾಡುತ್ತಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಡ್ರೈವ್ ಟೆಸ್ಟ್, ಅಂದರೆ ಗಾಡಿಯಲ್ಲಿ ಊರು ಸುತ್ತಿ ಸಿಗ್ನಲ್ ಅಳೆಯುವುದು. ಇಲ್ಲಿ ಕಾಲ ನೋಡಿ ಹೋಗಬೇಕು. ಬೇಸಿಗೆಯಲ್ಲಿ ಸಾಗವಾನಿ ಎಲೆ ಉದುರಿ ಬೋಳಾಗಿರುತ್ತದೆ, ಆಗ ಅಳೆದರೆ ಸಿಗ್ನಲ್ ಚಂದ ಕಾಣುತ್ತದೆ. ಮಳೆಗಾಲದಲ್ಲಿ ಒದ್ದೆ ಎಲೆ ತುಂಬಿಕೊಂಡಾಗ, ಅದರಲ್ಲೂ ಎತ್ತರದ ಆವರ್ತನಗಳಾದ 1800 ಮತ್ತು 2300 ಮೆಗಾಹರ್ಟ್ಸ್‌ನಲ್ಲಿ, ನಿಜ ಗೊತ್ತಾಗುತ್ತದೆ. ನಾನು ಶ್ರಾವಣದಲ್ಲೇ ಅಳೆದೆ. ಸಿಗ್ನಲ್ ಶಕ್ತಿಯನ್ನು ಡಿಬಿಎಂನಲ್ಲಿ ಅಳೆಯುತ್ತೇವೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಸಣ್ಣದು. ಮುಖ್ಯ ರಸ್ತೆಯಲ್ಲಿ ಮೈನಸ್ 100 ಡಿಬಿಎಂ ಆಸುಪಾಸು. ಓಣಿಯೊಳಗೆ ಮೈನಸ್ 112. ಮಣ್ಣಿನ ಗೋಡೆಯ ಹಂಚಿನ ಮನೆಗಳ ಒಳಗೆ ಮೈನಸ್ 120ಕ್ಕಿಂತ ಕೆಳಗೆ, ತಗಡಿನ ಶೆಡ್ಡಿನಲ್ಲಂತೂ ಏನೂ ಇಲ್ಲ. ಮೈನಸ್ 85 ಇದ್ದರೆ ಚಲೋ ಸಿಗ್ನಲ್. ಅಲ್ಲಿಂದ ಪ್ರತಿ 3 ಡಿಬಿ ಇಳಿದಾಗಲೂ ಶಕ್ತಿ ಅರ್ಧ ಆಗುತ್ತಾ ಹೋಗುತ್ತದೆ. ಮೈನಸ್ 120ರ ಹತ್ತಿರ ಫೋನ್ ಇದ್ದೂ ಇಲ್ಲದ ಲೆಕ್ಕ.

ನ್ಯಾಯಬೆಲೆ ಅಂಗಡಿಯವರು ನಮ್ಮ ಗಾಡಿ ನೋಡಿ ತಾವೇ ಬಂದರು. "ಸಾಹೇಬ್ರ, ಒಳಗ ರೇಂಜ್ ಸಿಗಂಗಿಲ್ರಿ. ಥಂಬ್ ತಗೊಳ್ಳಾಕ ಮಷಿನ್ ಹಿಡ್ಕೊಂಡು ಗುಡಿ ಕಟ್ಟಿಗೆ ಹೋಗ್ಬೇಕ್ರಿ." ಅಂಗಡಿಯೊಳಗೆ ಒಂದು, ಕಟ್ಟೆ ಮೇಲೆ ಒಂದು ಅಳತೆ ತೆಗೆದುಕೊಂಡೆ. ಎರಡನ್ನೂ ಫೋಟೊ ಸಮೇತ ಫೈಲಿಗೆ ಹಾಕಿದೆ.

ಇಷ್ಟರಿಂದ ಟ್ರಾಫಿಕ್ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಅದು ಸಿಕ್ಕಿದ್ದು ಪಕ್ಕದ ಟವರಿನ ಟೈಮಿಂಗ್ ಅಡ್ವಾನ್ಸ್ ದಾಖಲೆಯಲ್ಲಿ. ಸಿಗ್ನಲ್ ಬರಲು ಹಿಡಿದ ಹೊತ್ತಿನಿಂದ ಫೋನ್ ಎಷ್ಟು ದೂರದಲ್ಲಿದೆ ಅನ್ನುವುದು ಟವರಿಗೆ ಗೊತ್ತಿರುತ್ತದೆ, 4ಜಿಯಲ್ಲಿ ಈ ಅಳತೆಯ ಒಂದೊಂದು ಹೆಜ್ಜೆ ಸುಮಾರು 78 ಮೀಟರ್. ಟವರಿನ ಒಂದೊಂದು ದಿಕ್ಕಿನ ಆಂಟೆನಾ ನೋಡಿಕೊಳ್ಳುವ ಭಾಗಕ್ಕೆ ಸೆಕ್ಟರ್ ಅನ್ನುತ್ತೇವೆ. ಆ ಟವರಿನ ಒಂದು ಸೆಕ್ಟರ್‌ನಲ್ಲಿ ಹೆಚ್ಚಿನವರು ಹತ್ತಿರದವರು, ಆಮೇಲೆ ಖಾಲಿ, ಮತ್ತೆ ಆರು ಕಿಲೋಮೀಟರ್ ಸುಮಾರಿಗೆ ಒಂದು ಗುಂಪು. ಸರಿಯಾಗಿ ನಮ್ಮ ಊರಿನ ದೂರ! ಕಟ್ಟೆ ಮೇಲೆ, ಮಾಳಿಗೆ ಮೇಲೆ ನಿಂತು ಹೇಗೋ ಹಿಡಿದವರು ಇವರು. ಕಾಲ್ ಕಟ್ ಆಗುವುದೂ ಇವರದೇ ಜಾಸ್ತಿ. ಇನ್ನೊಂದು ಮಾತಿದೆ, ಮೇಲಿನವರ ಮನಸ್ಸು ತಿರುಗಿದ್ದು ಅದಕ್ಕೇ ಅಂತ ನನಗನಿಸುತ್ತದೆ. ಸಿಗ್ನಲ್ ಸಣ್ಣದಾದರೆ ಅಷ್ಟೇ ಡೇಟಾ ಕಳಿಸಲು ಟವರಿಗೆ ಹೆಚ್ಚು ಹೊತ್ತು ಬೇಕು, ಹಾಗಾಗಿ ದೂರದ ಈ ಕೆಲವರಿಂದ ಹತ್ತಿರದಲ್ಲಿ ಕೂತವರ ಸ್ಪೀಡೂ ಬೀಳುತ್ತದೆ. ಅಂದರೆ ಈ ಊರಿನ ಖರ್ಚನ್ನು ಕಂಪನಿ ಆಗಲೇ ಕೊಡುತ್ತಿತ್ತು, ಬೇರೆ ಊರಿನ ಲೆಕ್ಕದಲ್ಲಿ.

ಟವರ್ ಬಿಟ್ಟು ಬೇರೆ ದಾರಿ ನೋಡಿದಿರಾ ಅಂತ ಕೇಳೇ ಕೇಳುತ್ತಾರೆ. ಆ ಪಕ್ಕದ ಟವರಿನ ಆಂಟೆನಾ ಮುಖ ಸ್ವಲ್ಪ ಮೇಲೆತ್ತಿ ನೋಡಿದೆವು: ಹಳಿಯಾಳ ಕಡೆಯ ಸೆಕ್ಟರ್‌ಗಳಿಗೆ ಅಡ್ಡಿ ಶುರುವಾಯಿತು, ಗುಡ್ಡದ ಹಿಂದಿನ ನೆರಳು ಹಾಗೇ ಉಳಿಯಿತು. 1800 ಬದಲು 900 ಮೆಗಾಹರ್ಟ್ಸ್ ಹಾಕಿದರೆ ಬಯಲಿನ ಲೆಕ್ಕದಲ್ಲಿ 6 ಡಿಬಿ ಲಾಭ, ಆದರೆ ನಮಗೆ ಮನೆಯೊಳಗೆ ಬೇಕಿದ್ದದ್ದು 15ರಿಂದ 20. ಬಾಡಿಗೆಗೆ ಹತ್ತಲು ಬೇರೆಯವರ ಟವರೂ ಹತ್ತಿರದಲ್ಲಿರಲಿಲ್ಲ. ಇಷ್ಟನ್ನೂ ಬರೆದೆ.

ಜಾಗಕ್ಕೆ ಗುಡ್ಡದ ತಲೆಯೇ ಬೆಸ್ಟ್, ಆದರೆ ಅದು ಅರಣ್ಯ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು, ಆ ಗೋಜಿಗೆ ಹೋಗಲಿಲ್ಲ. ಊರ ಪಕ್ಕದ ದಿಬ್ಬದ ಮೇಲಿನ ಮಾಲ್ಕಿ ಹೊಲ ಹಿಡಿದೆವು. ಕರೆಂಟ್ ಲೈನ್ ಹತ್ತಿರ, ಟವರ್‌ಗಳ ನಡುವೆ ಡೇಟಾ ಸಾಗಿಸುವ ಮೈಕ್ರೋವೇವ್ ಲಿಂಕಿಗೆ ಎದುರಿನ ಟವರ್ ನೇರ ಕಾಣುತ್ತದೆ.

ಪಂಚಾಯಿತಿಯಲ್ಲಿ ರೇಡಿಯೇಶನ್ ಮಾತು ಬಂತು. "ಮಕ್ಕಳಿಗೆ ಏನಾರ ಆದ್ರ ಯಾರ್ರಿ ಜವಾಬ್ದಾರಿ?" ಅಂದರು ಹಿರಿಯರೊಬ್ಬರು. ಸುಮ್ನೆ ಏನೂ ಆಗಲ್ಲ ಅಂದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು. 2012ರಲ್ಲಿ ನಮ್ಮ ದೇಶ ಟವರ್ ರೇಡಿಯೇಶನ್ನಿನ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿದ್ದು ಹೇಳಿದೆ. ಅನುಮಾನ ಬಂದರೆ ಸರ್ಕಾರದ ತರಂಗ ಸಂಚಾರ್ ಪೋರ್ಟಲ್‌ನಲ್ಲಿ 4,000 ರೂಪಾಯಿ ಕಟ್ಟಿ ಯಾರು ಬೇಕಾದರೂ ಅಳತೆ ಮಾಡಿಸಬಹುದು ಅಂದೆ. "ಅಜ್ಜಾರ, ಟವರ್ ದೂರ ಇದ್ದಷ್ಟೂ ನಿಮ್ಮ ಕಿವಿ ಹತ್ರ ಇರೋ ಫೋನು ಜೋರಾಗಿ ಸಿಗ್ನಲ್ ಬಿಡತೈತ್ರಿ" ಅಂದಾಗ ಕೆಲವರು ತಮ್ಮ ಫೋನ್ ತೆಗೆದು ನೋಡಿಕೊಂಡರು. ಬ್ಯಾಟರಿ ಯಾಕೆ ಬೇಗ ಇಳಿಯುತ್ತದೆ ಅನ್ನುವುದೂ ಅಲ್ಲೇ ಬಗೆಹರಿಯಿತು.

ಟವರ್ ಚಾಲೂ ಆದ ಮೇಲೆ ಮಳೆಗಾಲಕ್ಕೆ ಕಾದು ಅದೇ ಓಣಿಗಳಲ್ಲಿ ಮತ್ತೆ ಅಳೆದೆವು. ಹಳೆಯ ಸೆಕ್ಟರಿನ ಆರು ಕಿಲೋಮೀಟರ್ ಗುಂಪು ಮಾಯ, ಅಲ್ಲಿನ ಸ್ಪೀಡೂ ಏರಿತ್ತು. ಕೆರೆ ಆಚೆಯ ನಾಲ್ಕೈದು ತೋಟದ ಮನೆಗಳಲ್ಲಿ ಒಳಗೆ ಇನ್ನೂ ಕಷ್ಟವೇ. ಅದಕ್ಕೆ ಆ ಸೆಕ್ಟರಿನ ಮುಖವನ್ನು ಸ್ವಲ್ಪ ಅತ್ತ ತಿರುಗಿಸುವ ಕೆಲಸ ಈಗ ನಡೆದಿದೆ.